ಸುಮ್ಮನಿರಬಾರದ ಮನೆ

"ಆ ನಲ್ಲಿ ಮುಚ್ಚಬೇಡಿ" ಎಂದಳು ಮನೆಯ ಒಡತಿ.

ಸೌಂಡ್ ಮೇಡಂ ಆಗಲೇ ಅದನ್ನು ಬಿಗಿಯಾಗಿ ತಿರುಗಿಸಿಯಾಗಿತ್ತು. ಅಡುಗೆಮನೆಯ ಆ ನಲ್ಲಿ ಬೆಳಗಿನಿಂದ ಹನಿ ಹನಿಯಾಗಿ ಸೋರುತ್ತಿತ್ತು. ಅದರ ಕೆಳಗೆ ಬೋರಲು ಹಾಕಿದ ಒಂದು ತಗಡಿನ ತಟ್ಟೆ. ಟಣ್. ಟಣ್. ಟಣ್. ಸಿನಿಮಾಕ್ಕೆ ಸದ್ದು ಹಿಡಿಯುವವರಿಗೆ ಇದಕ್ಕಿಂತ ದೊಡ್ಡ ಶತ್ರು ಬೇರೆ ಬೇಕಿಲ್ಲ.

"ಮುಚ್ಚಿದ್ರೆ ನಿಮಗೇ ನೀರು ಉಳಿಯುತ್ತಲ್ಲಮ್ಮ."

"ನೀರಿಗಲ್ಲ ಅದು, ಸದ್ದಿಗೆ." ಒಡತಿ ಬಂದು ನಲ್ಲಿಯನ್ನು ಮತ್ತೆ ಸಡಿಲಿಸಿದಳು. ಟಣ್ ಎಂದಿತು. "ಈ ಮನೇಲಿ ಸದ್ದು ನಿಲ್ಲಬಾರದು. ನಿಮ್ಮ ಡೈರೆಕ್ಟರ್‌ಗೆ ಮೊದಲೇ ಹೇಳಿದೀನಿ. ಕುಣೀರಿ, ಕೂಗಾಡಿ, ಗೋಡೆಗೆ ಬೇಕಾದ ಬಣ್ಣ ಬಳ್ಕೊಳ್ಳಿ. ನಂದೇನೂ ಅಡ್ಡಿ ಇಲ್ಲ. ಮನೇನ ಮಾತ್ರ ಸುಮ್ಮನಾಗೋಕೆ ಬಿಡಬೇಡಿ."

"ಸುಮ್ಮನಾದ್ರೆ ಏನಾಗುತ್ತೆ?"

ಒಡತಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನಿಮಗೆ ಮಕ್ಕಳಿದಾರಾ?"

"ಒಬ್ಬಳು ಮಗಳು. ನಾಲ್ಕು ವರ್ಷ."

"ಹಾಗಾದ್ರೆ ನೀವಂತೂ ಮುಟ್ಟಲೇಬೇಡಿ."

ಸೌಂಡ್ ಮೇಡಂಗೆ ನಗು ಬಂತು. ಎದುರಿಗೆ ನಗಬಾರದೆಂದು ತಿರುಗಿ ನಿಂತಳು. ಭುಜ ಅಲುಗಿದ್ದು ಒಡತಿಗೆ ಕಂಡಿತು. ಅವಳು ಒದ್ದೆ ಕೈ ಒರೆಸಿಕೊಂಡು ಹೋದಳು.

ಸೌಂಡ್ ಮೇಡಂ ಆ ತಂಡ ಸೇರಿ ಎರಡು ದಿನವೂ ಆಗಿರಲಿಲ್ಲ. ಮೊದಲಿದ್ದವನು ಬೇರೆ ಸಿನಿಮಾ ಒಪ್ಪಿಕೊಂಡು ಅರ್ಧಕ್ಕೇ ಕೈಕೊಟ್ಟಿದ್ದ. ತೆಗೆಯುತ್ತಿದ್ದುದು ಹಳ್ಳಿಯೊಂದರ ಮಾಟ-ಮಂತ್ರದ ಕತೆ. ಊರಿಗೆ ಊರೇ ಹೆದರುವ ಒಂದು ಮನೆ, ಹೆದರದ ಒಬ್ಬಳು ಸೊಸೆ, ಕೊನೆಗೆ ಮೂಢನಂಬಿಕೆಯೇ ದೊಡ್ಡ ದೆವ್ವ ಎಂಬ ನೀತಿ. ನೀತಿ ಅವಳಿಗೆ ಹಿಡಿಸಿತ್ತು. ಇಂಥ ಸಿನಿಮಾ ಅವಳಿಗೆ ಹೊಸದೂ ಅಲ್ಲ. ಪರದೆಯ ಮೇಲೆ ನರಳಿದ ಎಷ್ಟೋ ದೆವ್ವಗಳು ಅವಳ ಗಂಟಲಿನಿಂದಲೇ ಬಂದವು. ತನ್ನ ದನಿಯನ್ನು ನಿಧಾನ ಮಾಡಿ, ಹಿಂದುಮುಂದಾಗಿಸಿ, ಒಂದರ ಮೇಲೊಂದು ಹೊದಿಸಿದರೆ ಮುಗಿಯಿತು, ಕೇಳಿದವರ ಮೈ ಜುಂ ಎನ್ನುತ್ತಿತ್ತು. ಅಡುಗೆ ಮಾಡಿದವಳಿಗೆ ಪಾತ್ರೆಯಲ್ಲಿ ಏನಿದೆ ಎಂದು ಗೊತ್ತಿರುತ್ತದೆ. ಅವಳು ಮುಚ್ಚಳ ತೆಗೆಯಲು ಹೆದರುವುದಿಲ್ಲ.

ಮನೆಯೇನೋ ಸಿನಿಮಾಕ್ಕೆ ಹೇಳಿ ಮಾಡಿಸಿದಂತಿತ್ತು. ದಪ್ಪ ಗೋಡೆ, ಸಣ್ಣ ಕಿಟಕಿ, ಕಾಲಿಟ್ಟರೆ ಕೊರಗುವ ಮರದ ಮೆಟ್ಟಿಲು. ಮಧ್ಯಾಹ್ನವೂ ಒಳಗೆ ಮುಸ್ಸಂಜೆ. ಒದ್ದೆ ಮಣ್ಣು, ಹಳೆಯ ಬಟ್ಟೆ, ಎಲ್ಲೋ ಹೊತ್ತಿ ಆರಿದ ಮೇಣದ ವಾಸನೆ. ಆದರೆ ಆ ಸದ್ದು! ಸೋರುವ ಬಚ್ಚಲಿನ ನಲ್ಲಿ. ಯಾರೂ ಕೇಳದ ಸುದ್ದಿಯನ್ನು ಹೇಳುತ್ತಲೇ ಇರುವ ರೇಡಿಯೊ. ಕಿಟಕಿಗೆ ದಾರ ಕಟ್ಟಿ ನೇತುಹಾಕಿದ ಡಬ್ಬಿ ಮುಚ್ಚಳಗಳು, ಗಾಳಿ ಬಂದರೆ ಒಂದಕ್ಕೊಂದು ಬಡಿದುಕೊಳ್ಳುವುವು. ನಡುಮನೆಯಲ್ಲಿ ಆಳೆತ್ತರದ ಗಡಿಯಾರ. ಅದರ ಪಕ್ಕ ಒಡತಿಯ ಹೊಲಿಗೆ ಯಂತ್ರ.

"ಮೇಡಂ, ಇದು ನನ್ನ ಹೆಂಡತಿ ತವರುಮನೆ ಇದ್ದ ಹಾಗಿದೆ" ಎಂದ ಬೂಮ್ ಅಣ್ಣ. ಮೈಕಿನ ಉದ್ದನೆಯ ಕೋಲು ಹಿಡಿದೇ ತಲೆಗೂದಲು ಬೆಳ್ಳಗಾದವನು ಅವನು. "ಎಲ್ಲರೂ ಒಟ್ಟಿಗೇ ಮಾತಾಡ್ತಾರೆ, ಕೇಳಿಸ್ಕೊಳ್ಳೋಕೆ ಒಬ್ಬರೂ ಇಲ್ಲ."

ಊಟದ ಬಿಡುವಿನಲ್ಲಿ ಅವಳು ಜಗಲಿಗೆ ಬಂದು ಅಕ್ಕನ ಮನೆಗೆ ಫೋನ್ ಮಾಡಿದಳು. ದೂರದ ಪಟ್ಟಣದಲ್ಲಿ, ಹಗಲೆಲ್ಲ ಲಾರಿ ಓಡುವ ದೊಡ್ಡ ರಸ್ತೆಗೆ ಮುಖ ಮಾಡಿದ ಮನೆ ಅಕ್ಕನದು. ಕೆಲಸ ಸಿಕ್ಕಾಗಲೆಲ್ಲ ಮಗು ಅಲ್ಲಿರುತ್ತಿತ್ತು. ಮಗುವಿನ ಅಪ್ಪ ಹೋದ ಮೇಲೆ ಉಳಿದದ್ದು ಅವರಿಬ್ಬರೇ, ತಾಯಿ ಮತ್ತು ಮಗಳು. ಮಗಳನ್ನು ಅವಳು ಮೊಗ್ಗು ಎಂದು ಕರೆಯುತ್ತಿದ್ದಳು. ಕೊನೆಯನ್ನು ಎಳೆದು, ತುಸು ಮೇಲಕ್ಕೆತ್ತಿ, ಮೊಗ್ಗೂ ಎಂದು. ಹಾಗೆ ಕರೆದರೆ ಮಗು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಓಡಿಬರುತ್ತಿತ್ತು.

"ಅಮ್ಮಾ, ಒಂದು ಬೆಕ್ಕು ನನ್ನ ಚಪ್ಪಲಿ ಮೇಲೆ ಮಲಗಿದೆ."

"ಎಬ್ಬಿಸು ಅದನ್ನ."

"ಪಾಪ, ಅದಕ್ಕೆ ಮನೆ ಇಲ್ವಂತೆ. ನೀನು ಯಾವಾಗ ಬರ್ತೀಯಾ?"

"ನಾಡಿದ್ದು."

"ನಾಡಿದ್ದು ಅಂದ್ರೆ ಈಗಲಾ?"

ಅಕ್ಕ ಫೋನ್ ಕಿತ್ತುಕೊಂಡಳು. "ದಿನಾ ಹೀಗೇ ಕಣೇ ಇವಳು. ಪ್ರಶ್ನೆ ಪತ್ರಿಕೆ. ನೀನು ಉಂಡೆಯಾ?"

"ಗೇಟಿನ ಚಿಲಕ ಹಾಕಿದೀಯ ತಾನೇ?"

"ಹಾಕಿದೀನಿ ಮಾರಾಯ್ತಿ. ದಿನಕ್ಕೆ ಹತ್ತು ಸಲ ಕೇಳ್ತೀಯ."

ಅವಳು ಒಳಗೆ ಬಂದಾಗ ಒಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಬೂಮ್ ಅಣ್ಣ, ಡೈರೆಕ್ಟರ್, ಲೈಟಿನವರು ಸುತ್ತ ನೆರೆದಿದ್ದರು. ಸದ್ದು ನಿಲ್ಲಬಾರದು ಎನ್ನುವುದಕ್ಕೆ ಕಾರಣವೇನೆಂದು ಬೂಮ್ ಅಣ್ಣನೇ ಕೆದಕಿದ್ದ. ಹೇಳುವಷ್ಟು ಹೊತ್ತೂ ಒಡತಿ ಕಾಲು ನಿಲ್ಲಿಸಲಿಲ್ಲ. ಸೂಜಿಯ ಕೆಳಗೆ ಬಟ್ಟೆ ಮುಗಿದರೂ ಯಂತ್ರ ಓಡುತ್ತಲೇ ಇತ್ತು.

ಅವಳ ಗಂಡನ ಮುತ್ತಜ್ಜಿಯ ಕಾಲದ ಮಾತು. ಈ ಮನೆಯಲ್ಲಿ ಇಬ್ಬರು ಓರಗಿತ್ತಿಯರು. ಹಿರಿಯವಳಿಗೆ ಮಕ್ಕಳಾಗಲಿಲ್ಲ. ಕಿರಿಯವಳಿಗೆ ಒಂದು ಗಂಡುಮಗು. ಅದು ತಾಯಿಯ ದನಿ ಕೇಳಿದರೆ ಸಾಕು, ಹಿರಿಯವಳ ತೊಡೆಯಿಂದ ಜಾರಿ ಓಡುತ್ತಿತ್ತು. ಹಿರಿಯವಳ ಹೊಟ್ಟೆಗೆ ಕಿಚ್ಚು ಬಿತ್ತು. ಮಗುವಲ್ಲ, ಆ ದನಿ ಅವಳಿಗೆ ಶತ್ರುವಾಯಿತು. ಮಾಟ ಬಲ್ಲವನೊಬ್ಬನನ್ನು ಹುಡುಕಿ ಕಿರಿಯವಳ ಬಾಯಿ ಕಟ್ಟಿಸಿದಳು. ಬಾಚಣಿಗೆಗೆ ಸಿಕ್ಕಿದ್ದ ಕಿರಿಯವಳ ಕೂದಲನ್ನೇ ದಾರ ಮಾಡಿ, ಬಟ್ಟೆಯ ಗೊಂಬೆಯೊಂದರ ತುಟಿ ಹೊಲಿದು, ಅದನ್ನು ಈ ಗೋಡೆಗಳಲ್ಲಿ ಎಲ್ಲೋ ಇಟ್ಟು ಗಾರೆ ಬಳಿದಳು. ಬೆಳಗಾಗುವುದರೊಳಗೆ ಕಿರಿಯವಳಿಗೆ ಮಾತು ನಿಂತುಹೋಯಿತು. ಒಂದು ಮಧ್ಯಾಹ್ನ ಮಗು ಒಂಟಿಯಾಗಿ ಹಿತ್ತಿಲ ಬಾವಿಯ ಕಡೆ ನಡೆಯಿತು. ತಾಯಿ ಮಹಡಿಯ ಕಿಟಕಿಯಿಂದ ನೋಡಿದಳು.

"ಕರೆದಿದ್ರೆ ತಿರುಗ್ತಿತ್ತು" ಎಂದಳು ಒಡತಿ. "ಕರೆಯೋಕೆ ಬಾಯಿ ಬರಲಿಲ್ಲ. ಮೆಟ್ಟಿಲಿಳಿದು ಓಡೋ ಹೊತ್ತಿಗೆ ಮುಗಿದುಹೋಗಿತ್ತು. ಆಮೇಲೆ ಅವಳೂ ಅದೇ ಬಾವಿಗೆ ಬಿದ್ದಳು. ಬಾವಿ ಮುಚ್ಚಿಸಿದ್ರು. ಆ ಕರೆ ಮಾತ್ರ ಅವಳ ಬಾಯಲ್ಲೇ ಉಳಿದಿದೆ. ಮನೆ ಸುಮ್ಮನಾದ್ರೆ ಕರೀತಾಳೆ."

"ಬಾಯಿ ಹೊಲಿದುಹೋಗಿದೆ ಅಂದ್ರಲ್ಲ, ಹೇಗೆ ಕರೀತಾಳೆ?" ಬೂಮ್ ಅಣ್ಣ ಕೇಳಿದ. ಅವನ ದನಿಯಲ್ಲಿ ತಮಾಷೆ ಉಳಿದಿರಲಿಲ್ಲ.

"ಆಗ ಮನೇಲಿ ಯಾವ ತಾಯಿ ಇದ್ರೆ ಅವಳ ದನೀಲಿ. ಅವಳ ಮಗು ಎಲ್ಲೇ ಇದ್ರೂ ಓಗೊಡುತ್ತೆ. ಓಗೊಟ್ಟ ಮಗು ನಿಲ್ಲಲ್ಲ."

ಸೌಂಡ್ ಮೇಡಂ ಲೋಟದ ನೀರು ಕುಡಿದು ಕೆಳಗಿಟ್ಟಳು.

"ಅಂತೂ ದೆವ್ವಕ್ಕೂ ಡಬ್ಬಿಂಗ್ ಕಲಾವಿದೆ ಬೇಕಾಯ್ತು ಅನ್ನಿ."

ಎಲ್ಲರೂ ಗೊಳ್ಳೆಂದು ನಕ್ಕರು. ಕಟ್ಟಿದ ಉಸಿರು ಬಿಟ್ಟ ನಗೆ ಅದು. ಒಡತಿ ನಗಲಿಲ್ಲ.

"ನಿಮಗೆ ಇಲ್ಲಿರೋಕೆ ಭಯ ಆಗಲ್ವಾ?" ಡೈರೆಕ್ಟರ್ ಕೇಳಿದ.

"ನನಗೆ ಮಕ್ಕಳಿಲ್ಲವಲ್ಲ. ಅದಕ್ಕೇ ಈ ಮನೆ ನನ್ನ ಪಾಲಿಗೆ ಬಿದ್ದಿರೋದು."

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಹಡಿಯ ಕೋಣೆಯ ಚಿತ್ರೀಕರಣ ಮುಗಿಯಿತು. ಕತೆಯಲ್ಲಿ ರಾತ್ರಿ. ಅದಕ್ಕೆಂದು ಹಗಲಿನಲ್ಲೇ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದು ಕತ್ತಲು ಮಾಡಿದ್ದರು. ಕೃತಕ ಹೊಗೆ ಇನ್ನೂ ಸೂರಿನಲ್ಲಿ ತೂಗುತ್ತಿತ್ತು. ಕಾದ ದೀಪಗಳ ಸುಟ್ಟ ವಾಸನೆ. ನಾಯಕಿ ಮುಖದ ಬಣ್ಣ ತೊಳೆಯಲು ಹೊರಟಿದ್ದಳು. ಒಡತಿ ಪೇಟೆಗೆ ಹೋಗಿದ್ದಳು. ಹೋಗುವಾಗ ಡೈರೆಕ್ಟರ್‌ನಿಂದ ಮಾತು ತೆಗೆದುಕೊಂಡೇ ಹೋಗಿದ್ದಳು, ರೇಡಿಯೊ ಆರಿಸುವುದಿಲ್ಲವೆಂದು.

"ಇನ್ನೊಂದು ನಿಮಿಷ ಎಲ್ಲರೂ ಇರಿ, ರೂಮ್ ಟೋನ್ ಬೇಕು" ಎಂದಳು ಸೌಂಡ್ ಮೇಡಂ.

ಅವಳ ಕಸುಬಿನಲ್ಲಿ ಇದು ಕಡ್ಡಾಯ. ಒಂದೊಂದು ಕೋಣೆಯ ಮೌನ ಒಂದೊಂದು ಬಗೆ. ಚಿತ್ರೀಕರಣ ಮುಗಿದ ಮೇಲೆ ಎಲ್ಲರೂ ನಿಂತಲ್ಲೇ ನಿಂತು, ಉಸಿರು ಹಿಡಿದು, ಆ ಕೋಣೆಯ ಬರಿಯ ಮೌನವನ್ನು ಒಂದು ನಿಮಿಷ ಮುದ್ರಿಸಿಕೊಳ್ಳಬೇಕು. ಆಮೇಲೆ ಪಾತ್ರಗಳ ಮಾತು ಮಾತಿನ ನಡುವೆ ಅದನ್ನು ಹಾಸುತ್ತಾರೆ. ಇಲ್ಲವಾದರೆ ಎರಡು ಮಾತಿನ ನಡುವೆ ಗುಂಡಿ ಬಿದ್ದಂತೆ ಕೇಳಿಸುತ್ತದೆ. ಹಿಂದಿನವನು ಈ ಮನೆಯಲ್ಲಿ ಒಂದೇ ಒಂದು ಸಲವೂ ಅದನ್ನು ತೆಗೆದಿರಲಿಲ್ಲ.

ಡೈರೆಕ್ಟರ್ ಕುತ್ತಿಗೆ ಕೆರೆದುಕೊಂಡ. "ಬಿಟ್ಬಿಡೋಣ ಮೇಡಂ. ಬೇರೆ ಯಾವುದಾದ್ರೂ ಮನೇಲಿ ತೊಗೊಂಡು ಹಾಕೋಣ."

"ಬೇರೆ ಮನೆ ಮೌನ ಬೇರೆ ಸರ್. ಗೊತ್ತಾಗಿಬಿಡುತ್ತೆ."

"ಆ ಯಮ್ಮಂಗೆ ಮಾತು ಕೊಟ್ಟಿದೀನಿ."

"ಮೂಢನಂಬಿಕೆ ವಿರುದ್ಧ ಸಿನಿಮಾ ತೆಗೀತಿರೋರು ನೀವೇ ತಾನೇ?"

ಡೈರೆಕ್ಟರ್‌ನ ಕಿವಿ ಕೆಂಪಾಯಿತು. ತಂಡದ ಮುಂದೆ ಅವನು ಇನ್ನೇನು ಹೇಳಿಯಾನು? "ಬೇಗ ಮುಗಿಸಿ" ಎಂದ.

ಅವಳು ಮನೆಯೆಲ್ಲ ಸುತ್ತಿದಳು. ಅಡುಗೆಮನೆಯ ನಲ್ಲಿ ಮುಚ್ಚಿದಳು. ಬಚ್ಚಲಿನದು ಮುಚ್ಚಿದಳು. ಡಬ್ಬಿ ಮುಚ್ಚಳಗಳ ನಡುವೆ ಬಟ್ಟೆ ತುರುಕಿದಳು. ಸುದ್ದಿ ಹೇಳುವವನ ಬಾಯನ್ನು ಅರ್ಧ ಮಾತಿಗೇ ಮುಚ್ಚಿದಳು. ಒಂದೊಂದು ಸದ್ದು ನಿಂತಾಗಲೂ ಮನೆ ಒಂದಿಷ್ಟು ಹತ್ತಿರ ಬಂದಂತಾಯಿತು. ಗೋಡೆಗಳು ಕಿವಿಗೊಟ್ಟಂತೆ. ಕೊನೆಗೆ ಗಡಿಯಾರ. ಗಾಜಿನ ಬಾಗಿಲು ತೆರೆದು ಲೋಲಕವನ್ನು ಹಿಡಿದಳು. ಹಿತ್ತಾಳೆ ಅಂಗೈಯಲ್ಲಿ ತಣ್ಣಗೆ, ಒದ್ದೆ ಒದ್ದೆಯಾಗಿತ್ತು. ಬಿಟ್ಟಾಗ ಅದು ಅಲುಗಲಿಲ್ಲ.

ಮಹಡಿಗೆ ಬಂದು ಹೆಡ್‌ಫೋನ್ ಹಾಕಿಕೊಂಡಳು. ದೀಪಗಳೂ ಗುಂಯ್‌ಗುಡುತ್ತಿದ್ದವು.

"ಲೈಟ್ ಆರಿಸಿ. ನಾನು ಕೈ ಇಳಿಸೋವರೆಗೂ ಯಾರೂ ಅಲ್ಲಾಡಬಾರದು. ಕೆಮ್ಮು ಬಂದ್ರೆ ನುಂಗಿ."

"ನಗು ಬಂದ್ರೆ ಮೇಡಂ?" ಕತ್ತಲಿನಿಂದ ಬೂಮ್ ಅಣ್ಣನ ದನಿ.

"ಅದನ್ನೂ ನುಂಗಿ. ಸೈಲೆನ್ಸ್."

ಅವಳು ಕೈ ಎತ್ತಿದಳು. ಯಂತ್ರದ ಪುಟ್ಟ ಪರದೆಯ ಹಸಿರು ಬೆಳಕು ಆ ಕೈಯ ಮೇಲೆ ಮಾತ್ರ ಬೀಳುತ್ತಿತ್ತು. ಮುಖ ಕತ್ತಲಲ್ಲಿತ್ತು. ಎಲ್ಲರ ಕಣ್ಣೂ ಕೈಯ ಮೇಲೆ.

ಮೊದಲು ಎಂದಿನಂತೆಯೇ ಇತ್ತು. ಆರಿದ ದೀಪದ ತಗಡು ತಣ್ಣಗಾಗುವ ಟಿಕ್ ಟಿಕ್. ಯಾರದೋ ಹೊಟ್ಟೆಯ ಗುರ್. ಮರದ ತೊಲೆಯ ಸಣ್ಣ ನಿಟ್ಟುಸಿರು. ಆಮೇಲೆ ಟಿಕ್ ಟಿಕ್ ನಿಂತಿತು. ತೊಲೆ ನಿಂತಿತು. ಹತ್ತು ಜನರ ಉಸಿರು ಎಲ್ಲಿ ಹೋಯಿತು? ಪರದೆಯ ಮೇಲೆ ಸದ್ದಿನ ಗೆರೆ ನೆಲಕ್ಕೆ ಅಂಟಿಕೊಂಡಿತ್ತು. ಹಾಗಾಗಲು ಸಾಧ್ಯವಿಲ್ಲ. ಭೂಮಿಯ ಮೇಲೆ ಅಷ್ಟು ಮೌನ ಎಲ್ಲೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಮೈಕಿನ ತಂತಿ ಕಳಚಿರಬೇಕು ಎಂದುಕೊಂಡಳು.

ಆಗ ಸದ್ದು ಬಂತು. ಸಣ್ಣದು. ಸರ್ ಎಂದು ಬಟ್ಟೆಯೊಳಗಿನಿಂದ ದಾರ ಎಳೆದಂತೆ.

ತುಸು ಬಿಟ್ಟು, ಇನ್ನೊಮ್ಮೆ. ಸರ್.

ಅದು ಗೋಡೆಯೊಳಗಿಂದ ಬರುತ್ತಿತ್ತು. ಮೂರನೆಯ ಸಲ ಎಳೆದಾಗ ಅವಳ ತುಟಿಯ ಮೂಲೆ ಬಿಗಿಯಿತು. ಮುಟ್ಟಿ ನೋಡಬೇಕೆನಿಸಿತು. ಎಡಗೈ ಏಳಲಿಲ್ಲ. ಎತ್ತಿದ ಬಲಗೈ ಇಳಿಯಲಿಲ್ಲ. ಸರ್. ತುಟಿಯ ನಡುಭಾಗ. ಸರ್. ಇನ್ನೊಂದು ಮೂಲೆ. ನಾಲಿಗೆಗೆ ಕೂದಲಿನ ರುಚಿ ಹತ್ತಿತು. ಹಳೆಯ ಎಣ್ಣೆ, ಹಳೆಯ ಬೆವರು.

ಕಿವಿಯ ಹತ್ತಿರ, ಹೆಡ್‌ಫೋನಿನೊಳಗೆ, ಯಾರೋ ಗಂಟಲು ಸರಿಮಾಡಿಕೊಂಡರು.

"ಮೊಗ್ಗೂ..."

ಅವಳದೇ ದನಿ. ಕೊನೆಯಲ್ಲಿ ಎಳೆದು, ತುಸು ಮೇಲಕ್ಕೆತ್ತಿ. ಜೀವಮಾನವೆಲ್ಲ ದನಿಗಳನ್ನು ಬಿಡಿಸಿ ನೋಡಿದವಳಿಗೆ ಅದರಲ್ಲಿ ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಸಿಗಲಿಲ್ಲ.

ಬಹಳ ದೂರದಿಂದ ಉತ್ತರ ಬಂತು. "ಆಂ?"

"ಮೊಗ್ಗೂ, ಬಾ."

"ಬಂದೆ ಅಮ್ಮಾ!"

ಪುಟ್ಟ ಚಪ್ಪಲಿಗಳ ಸದ್ದು. ಪಟ ಪಟ ಪಟ. ನುಣುಪು ನೆಲ. ಆಮೇಲೆ ಒರಟು ನೆಲ. ಅಕ್ಕನ ಮನೆಯ ಅಂಗಳ. ಬಾಗಿಲು ಯಾರು ತೆಗೆದರು? ಪಟ ಪಟ ಪಟ. ಕಬ್ಬಿಣ ಉಜ್ಜಿದ ಸದ್ದು. ಗೇಟಿನ ಚಿಲಕ. ಅದರಾಚೆ ಒಂದು ಗುಡುಗು ಹುಟ್ಟಿತು. ಬೆಳೆಯಿತು. ಹಾದುಹೋಯಿತು. ಲಾರಿ. ಇನ್ನೊಂದು ಗುಡುಗು ಹುಟ್ಟಿತು.

"ಬಾ, ಮೊಗ್ಗೂ. ಈಚೆ ಬಾ."

ಅವಳು ಕೂಗಿದಳು. ಕೂಗು ಹಲ್ಲಿನ ಹಿಂದೆ ಬಡಿದು ಮರಳಿ ಗಂಟಲಿಗೆ ಬಿತ್ತು. ಕತ್ತಲಲ್ಲಿ ಹತ್ತು ಜನ ನಿಂತಿದ್ದರು. ಕೈಯಳತೆಯಲ್ಲಿ. ಒಬ್ಬರಾದರೂ ಕೆಮ್ಮಬಾರದೇ? ಒಬ್ಬರಾದರೂ ನಗಬಾರದೇ? ಅವರು ಅವಳ ಕೈ ನೋಡುತ್ತಿದ್ದರು. ಅವಳು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಕೈ ಮೇಲೇ ಇತ್ತು. ಹಸಿರು ಬೆಳಕಿನಲ್ಲಿ. ನಡುಗದೆ.

ಪಟ ಪಟ ಪಟ. ಚಪ್ಪಲಿ ಈಗ ಡಾಂಬರಿನ ಮೇಲೆ. ಗುಡುಗು ಹತ್ತಿರ. ಇನ್ನೂ ಹತ್ತಿರ. ಹಾರ್ನ್.

ಅವಳು ಬಾಯಿ ಹರಿದುಕೊಂಡಳು.

ಬೇರೆ ದಾರಿ ಇರಲಿಲ್ಲ. ದವಡೆಗೆ ಇದ್ದ ಶಕ್ತಿಯನ್ನೆಲ್ಲ ಹಾಕಿದಳು. ತುಟಿ ಪಟಪಟನೆ ಬಿಚ್ಚಿತು, ಹೊಲಿಗೆ ಬಿಚ್ಚಿದ ಹಾಗೆ. ಗದ್ದಕ್ಕೆ ಬಿಸಿಯಾದುದೇನೋ ಇಳಿಯಿತು. ಕೂಗು ಹೊರಬಂತು. ಪದವಿಲ್ಲದ ಕೂಗು. ಕೋಣೆ ಒಡೆಯುವಂಥ ಕೂಗು. ಯಾರೋ ದೀಪ ಹಾಕಿದರು. ಬೂಮ್ ಅಣ್ಣನ ಕೋಲು ನೆಲಕ್ಕೆ ಬಿತ್ತು. ಕ್ಯಾಮೆರಾದವನು ಗೋಡೆಗೆ ಒರಗಿ ಕೂತುಬಿಟ್ಟ. ಅವಳು ಇನ್ನೂ ಕೂಗುತ್ತಿದ್ದಳು. ಉಸಿರು ತೀರಿ ನಿಲ್ಲಿಸಿದಾಗ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಹರಿದ ತುಟಿ, ಗದ್ದದ ಮೇಲಿನ ರಕ್ತ, ಅದಷ್ಟೇ ಅಲ್ಲ.

"ಮೇಡಂ" ಎಂದ ಬೂಮ್ ಅಣ್ಣ, ಒಂದು ಹೆಜ್ಜೆ ಹಿಂದಿಟ್ಟು. "ಈಗ ಕೂಗಿದ್ದು ಯಾರು?"

"ಫೋನ್" ಎಂದಳು ಅವಳು. "ನನ್ನ ಫೋನ್ ಕೊಡಿ."

ದಪ್ಪಗೆ, ಒಡೆದು, ವರ್ಷಾನುಗಟ್ಟಲೆ ನೀರಿನಡಿ ಇದ್ದು ಮೇಲೆ ಬಂದಂಥ ದನಿ. ತನ್ನ ಹಿಂದೆ ಯಾರು ಮಾತಾಡಿದರೆಂದು ಅವಳೇ ತಿರುಗಿ ನೋಡಿದಳು.

ಅಕ್ಕ ಮೊದಲ ರಿಂಗಿಗೇ ಎತ್ತಿದಳು. ಅಳುತ್ತಿದ್ದಳು. "ಎಲ್ಲಿ ಹೋದೆಯೇ? ಮಗು ಬದುಕಿದ್ದೇ ಹೆಚ್ಚು. ಲಾರಿಯವನು ಬ್ರೇಕ್ ಹಾಕಿ ಪಕ್ಕಕ್ಕೆ ಎಳೀದೇ ಇದ್ದಿದ್ರೆ... ಮಂಡಿ ತರಚಿದೆ ಅಷ್ಟೇ. ನೀನು ಗೇಟಿನ ಆಚೆ ನಿಂತು ಕರೆದೆಯಲ್ಲೇ, ನನಗೂ ಕೇಳಿಸ್ತು. ನೀನು ಬಂದೆ ಅಂತ ನಾನೇ ಬಾಗಿಲು ತೆಗೆದು ಬಿಟ್ಟೆ. ಎಲ್ಲಿ ಅಡಗಿದೀಯಾ? ಇದೆಂಥ ಆಟ?"

"ಅಕ್ಕಾ, ನಾನು..."

ಅಳು ನಿಂತಿತು.

"ಯಾರು ಮಾತಾಡ್ತಿರೋದು?" ಅಕ್ಕ ಕೇಳಿದಳು. "ನನ್ನ ತಂಗಿ ಫೋನ್ ನಿಮ್ಮ ಹತ್ರ ಹೇಗೆ ಬಂತು?"

ಒಡತಿ ಪೇಟೆಯಿಂದ ಬಂದವಳು ಚೀಲ ಹಿಡಿದೇ ನಡುಮನೆಯಲ್ಲಿ ನಿಂತಳು. ನಿಂತ ಗಡಿಯಾರ ನೋಡಿದಳು. ಜಗಲಿಯಲ್ಲಿ ತುಟಿಗೆ ಬಟ್ಟೆ ಒತ್ತಿಕೊಂಡು ಕೂತವಳನ್ನು ನೋಡಿದಳು. ಬೈಯಲಿಲ್ಲ. ಹೋಗಿ ರೇಡಿಯೊ ಹಾಕಿ ಬಂದು ಪಕ್ಕದಲ್ಲಿ ಕೂತಳು.

"ಮಗು?"

"ಇದೆ."

ಆ ಒಂದು ಮಾತು ಕೇಳಿಯೇ ಒಡತಿಗೆ ತಿಳಿಯಿತು. ಕಣ್ಣು ಮುಚ್ಚಿಕೊಂಡಳು.

"ನನ್ನ ದನಿ ಯಾವಾಗ ವಾಪಸ್ ಬರುತ್ತೆ?"

"ಇಷ್ಟು ವರ್ಷಕ್ಕೆ ಅವಳಿಗೊಂದು ಬಾಯಿ ಸಿಕ್ಕಿದೆ. ಯಾಕಮ್ಮ ಬಿಡ್ತಾಳೆ?"

"ಮತ್ತೆ ಕರೀತಾಳಾ?"

"ಮಗು ಬರೋವರೆಗೂ ಕರೀತಾಳೆ. ಈಗ ಅವಳಿಗೆ ಈ ಮನೆಯೇ ಆಗಬೇಕು ಅಂತಿಲ್ಲ. ಮಗು ಇದ್ದ ಕಡೆ ಸುಮ್ಮನಾದ್ರೆ ಸಾಕು." ಒಡತಿ ಎದ್ದಳು. ಒಳಗೆ ಎರಡು ಹೆಜ್ಜೆ ಇಟ್ಟವಳು ಬಾಗಿಲಲ್ಲಿ ನಿಂತಳು. "ಮಗು ಕೈಗೆ ನಿಮ್ಮ ಕೈ ಕಟ್ಕೊಂಡು ಇರಿ. ಅಷ್ಟೇ ನನಗೆ ಗೊತ್ತಿರೋದು."

ದಾರಿಯ ಆಸ್ಪತ್ರೆಯೊಂದರಲ್ಲಿ ತುಟಿಗೆ ಹೊಲಿಗೆ ಹಾಕಿಸಿಕೊಂಡು, ಅವಳು ಆ ದಿನವೇ ಅಕ್ಕನ ಮನೆಗೆ ಬಂದಳು. ಅಕ್ಕ ಬಾಗಿಲಲ್ಲಿ ಅವಳನ್ನು ಅಪ್ಪಿಕೊಂಡಳು, ಅವಳು ಬಾಯಿ ತೆರೆದಾಗ ಮೈ ಬಿಗಿಹಿಡಿದಳು. ಮಗು ಓಡಿಬಂತು, ಕಾಲು ತಬ್ಬಿತು, ಮುಖವೆತ್ತಿ ಹೊಲಿಗೆ ಹಾಕಿದ ತುಟಿಯನ್ನು ಬೆರಳಿನಿಂದ ಮುಟ್ಟಿತು. "ಅಮ್ಮಂಗೆ ಗಾಯ" ಎಂದಿತು. ಅವಳು ತಲೆಯಾಡಿಸಿದಳು. ಮಾತಾಡಲಿಲ್ಲ. ಎಷ್ಟು ದಿನ ಮಾತಾಡದೆ ಇರಲಾದೀತು? ಮೂಗಿಯಂತೆ ಕೈಸನ್ನೆಯಲ್ಲಿ ಕಳೆದಳು. ಒಂದು ಬೆಳಿಗ್ಗೆ, ಮಗು ಬಿಸಿ ಪಾತ್ರೆಗೆ ಕೈ ಚಾಚಿದಾಗ, "ಮೊಗ್ಗೂ, ಬೇಡ" ಎಂದುಬಿಟ್ಟಳು. ಮಗು ಕೋಣೆಯೆಲ್ಲ ಕಣ್ಣಾಡಿಸಿತು. ಕದದ ಹಿಂದೆ ಇಣುಕಿತು. ಅಲ್ಲಿ ಯಾರೂ ಇಲ್ಲವೆಂದು ಕಂಡ ಮೇಲೆ ಅವಳ ಬಾಯನ್ನು ನೋಡಿತು, ಆಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟಿತು.

"ಹಳೇ ವಿಡಿಯೊ ತೋರಿಸು" ಎಂದಳು ಅಕ್ಕ. "ಇಬ್ಬರೂ ಒಂದೇ ಅಂತ ತಿಳ್ಕೊಳ್ಳಲಿ." ಅವಳು ಫೋನಿನಲ್ಲಿ ಹುಡುಕಿ ಹಾಕಿದಳು. ಮಗುವಿಗೆ ಸ್ನಾನ ಮಾಡಿಸುತ್ತ ಅವಳು ಹಾಡುತ್ತಿದ್ದ ದೃಶ್ಯ. ನೀರು ಸುರಿಯುವುದು ಕೇಳಿಸಿತು. ಮಗು ಕೇಕೆ ಹಾಕುವುದು ಕೇಳಿಸಿತು. ಅವಳ ತುಟಿ ಆಡುತ್ತಲೇ ಇತ್ತು. ದನಿ ಇರಲಿಲ್ಲ. ಇನ್ನೊಂದು ಹಾಕಿದಳು. ಮತ್ತೊಂದು. ಎಲ್ಲದರಲ್ಲೂ ಅವಳ ಪಾಲಿನಷ್ಟನ್ನು ಯಾರೋ ಕತ್ತರಿಯಿಂದ ಕತ್ತರಿಸಿದಂತಿತ್ತು.

ಮಗುವನ್ನು ತನ್ನ ಮನೆಗೆ ಕರೆತಂದಳು. ಕೆಲಸ ಬಿಟ್ಟಳು. ರೇಡಿಯೊ, ಫ್ಯಾನು, ಫ್ರಿಜ್ಜು, ಟಿವಿ, ಎಲ್ಲ ಹಗಲೂ ರಾತ್ರಿ ಗುಂಯ್‌ಗುಟ್ಟುತ್ತಿರುವಂತೆ ನೋಡಿಕೊಂಡಳು. ಒಂದು ಕಾಲಕ್ಕೆ ಸಣ್ಣ ಟಪ್ ಸದ್ದೊಂದನ್ನು ಮೈಕಿಗೆ ಹಿಡಿಯಲು ಗಂಟೆಗಟ್ಟಲೆ ಕಾದಿದ್ದವಳು, ಗದ್ದಲವನ್ನು ಮಗುವಿಗೆ ಕಂಬಳಿಯಂತೆ ಹೊದಿಸಿದಳು. ಮಗು ಅವಳ ಕೈಯಿಂದ ಉಂಡಿತು. ಅವಳ ಮಗ್ಗುಲಲ್ಲಿ ಮಲಗಿತು. ಅವಳು ಮಾತಾಡಿದಾಗ ಮಾತ್ರ ಕಣ್ಣು ಎತ್ತಲೋ ತಿರುಗುತ್ತಿತ್ತು.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು.

ಮೊದಲು ಫ್ಯಾನು ನಿಧಾನವಾಯಿತು. ಫ್ರಿಜ್ಜು ಒಮ್ಮೆ ನಡುಗಿ ನಿಂತಿತು. ಟಿವಿಯ ನಗು ತುಂಡಾಯಿತು. ರೇಡಿಯೊದ ಕಡೆ ಕೈ ಚಾಚಿದಳು, ಬ್ಯಾಟರಿ ತೀರಿತ್ತು. ಬೀದಿಯಲ್ಲಿ ಒಂದು ವಾಹನವೂ ಇಲ್ಲ. ಪಕ್ಕದ ಮನೆಯಲ್ಲಿ ಒಂದು ಪಾತ್ರೆಯೂ ಬೀಳಲಿಲ್ಲ. ಎಲ್ಲ ಒಟ್ಟಿಗೇ, ಯಾರೋ ಕೈ ಎತ್ತಿದಂತೆ.

ಅವಳು ಮಗುವನ್ನು ಸೆಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಎರಡೂ ತೋಳು ಸುತ್ತಿ ಬಿಗಿದಳು. ನೆಲವನ್ನು ಹಿಮ್ಮಡಿಯಿಂದ ಕುಟ್ಟಿದಳು. ಸಾಲದೆಂದು ಹಾಡತೊಡಗಿದಳು. ಯಾವ ಹಾಡು, ಅವಳಿಗೇ ತಿಳಿಯದು. ನೀರಿನಡಿಯ ಆ ದನಿ ಕೋಣೆಯನ್ನು ತುಂಬಿತು. ಜೋರಾಗಿ. ಇನ್ನೂ ಜೋರಾಗಿ. ನಿಲ್ಲಿಸಬಾರದು. ಉಸಿರು ಎಳೆದುಕೊಳ್ಳಲೂ ನಿಲ್ಲಬಾರದು.

ಮಗು ಮೊದಲು ಮಿಸುಕಿತು. ಆಮೇಲೆ ಸುಮ್ಮನಾಯಿತು. ಕತ್ತು ಕಿಟಕಿಯ ಕಡೆ ತಿರುಗಿತು. ಮುಖ ಅರಳಿತು, ಎಷ್ಟೋ ದಿನಗಳಿಂದ ಅರಳದಿದ್ದ ಮುಖ. ಅದು ಪುಟ್ಟ ಅಂಗೈಯನ್ನು ಎತ್ತಿ ಅವಳ ಬಾಯಿಯ ಮೇಲೆ ಮೆಲ್ಲನೆ ಇಟ್ಟಿತು.

"ಆಂಟಿ, ಸ್ವಲ್ಪ ಸುಮ್ಮನಿರ್ತೀರಾ? ಅಮ್ಮ ಕರೀತಿದಾಳೆ."